ಹಿಂದಿನ ಸಾಲಿನ ಕೂಸು

ಮೊನ್ನೆ ಮಳೆ ಸ್ವಲ್ಪ ಬಿಡುವು ಕೊಟ್ಟಿತ್ತು ಅಂತ ಅಟ್ಟದ ಮೇಲಿನ ಹಳೇ ಟ್ರಂಕು ಇಳಿಸಿದೆವು. ಕೇರಳದ ಮಳೆಗಾಲ ಗೊತ್ತಲ್ಲ, ಚರ್ಮದ ಬೆಲ್ಟು, ಮದುವೆ ಆಲ್ಬಮ್ಮು ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಟ್ರಂಕಿನ ತಳದಲ್ಲಿ ಒಂದು ಜೊತೆ ಸಣ್ಣ ಗೆಜ್ಜೆ, ಅದರ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿ. ತೆಗೆದು ನೋಡಿದರೆ ಪ್ಯಾನ್‌ಕೇಕ್. ಅದೇ, ನಾಟ್ಯಕ್ಕೆ ಮುಖಕ್ಕೆ ಬಳಿಯುವ ಬಣ್ಣ. ಒಣಗಿ ಬಿರುಕು ಬಿಟ್ಟಿತ್ತು. ಹೆಂಡತಿ "ಬಿಸಾಕಿ ಅದನ್ನ" ಅಂದಳು. ನಾನು ಬಿಸಾಕಲಿಲ್ಲ. ಅದನ್ನು ಕೊಂಡು ತಂದವನು ನಾನೇ. ಇಪ್ಪತ್ತೈದು ವರ್ಷದಿಂದ ಆ ಡಬ್ಬಿಯ ಬಗ್ಗೆ ಯಾರ ಹತ್ತಿರವೂ ಹೇಳಿಲ್ಲ. ಇವತ್ತು ಹೇಳಿಬಿಡುತ್ತೇನೆ.

ನಾನು ಯಲ್ಲಾಪುರ ಸೀಮೆಯವನು. 1981ರಲ್ಲಿ ಕೆಲಸ ಹುಡುಕಿಕೊಂಡು ಕೊಚ್ಚಿಯ ಪಕ್ಕದ ಏಲೂರಿಗೆ ಬಂದೆ. 'ಎರಡು ವರ್ಷ ಇದ್ದು ವಾಪಸ್' ಎಂದುಕೊಂಡವನು ಇಲ್ಲೇ ನಿವೃತ್ತನೂ ಆದೆ. ಏಲೂರು ಅಂದರೆ ಪೆರಿಯಾರ್ ನದಿಯ ಕವಲುಗಳ ನಡುವಿನ ದ್ವೀಪ. ದ್ವೀಪ ಎಂದ ಕೂಡಲೇ ತೆಂಗಿನ ಮರ, ದೋಣಿ ಅಂತೆಲ್ಲ ಕಲ್ಪಿಸಿಕೊಳ್ಳಬೇಡಿ. ಇಲ್ಲಿ ಚಿಮಣಿಗಳೇ ಜಾಸ್ತಿ. ಗೊಬ್ಬರ, ಕೀಟನಾಶಕ, ರಾಸಾಯನಿಕ, ಹೀಗೆ ಸಾಲು ಸಾಲು ಕಾರ್ಖಾನೆ. ಬಂದ ಹೊಸದರಲ್ಲಿ ಗಾಳಿಯ ವಾಸನೆ ಹಿಡಿದೇ ಇವತ್ತು ಯಾವ ಕಡೆಯಿಂದ ಬೀಸುತ್ತಿದೆ ಅಂತ ಹೇಳುವಷ್ಟು ಪರಿಣತನಾಗಿದ್ದೆ. ನದಿ ಒಂದು ದಿನ ಕೆಂಪಗೆ, ಇನ್ನೊಂದು ದಿನ ಕಪ್ಪಗೆ ಹರಿದದ್ದನ್ನೂ ನೋಡಿದ್ದೇನೆ.

ಇಂಥ ಊರಲ್ಲಿ ಕಥಕಳಿ ಇತ್ತು ಅಂದರೆ ನಂಬುತ್ತೀರಾ? ಇಲ್ಲಿನ ದೊಡ್ಡ ಗೊಬ್ಬರದ ಕಾರ್ಖಾನೆ ಫ್ಯಾಕ್ಟ್‌ಗೆ ಎಂ.ಕೆ.ಕೆ. ನಾಯರ್ ಎಂಬ ಮುಖ್ಯಸ್ಥರಿದ್ದರು. ಕಥಕಳಿ ಹುಚ್ಚು ಅವರಿಗೆ. ಕಾರ್ಖಾನೆಯ ಜೊತೆಗೇ ಒಂದು ಕಥಕಳಿ ಶಾಲೆಯನ್ನೂ ಕಟ್ಟಿದರು. ಅಲ್ಲಿ ಕಲಿತ ಕಲಾವಿದರು ತಮ್ಮ ಹೆಸರಿನ ಹಿಂದೆ 'ಫ್ಯಾಕ್ಟ್' ಎಂದು ಹಾಕಿಕೊಳ್ಳುತ್ತಾರೆ: ಫ್ಯಾಕ್ಟ್ ಪದ್ಮನಾಭನ್, ಫ್ಯಾಕ್ಟ್ ಜಯದೇವ ವರ್ಮ, ಹೀಗೆ. ಗೊಬ್ಬರದ ಚೀಲದ ಮೇಲಿರುವ ಹೆಸರು ಕಲಾವಿದನ ಹೆಸರಿಗೂ ಅಂಟಿಕೊಂಡ ಊರು ಪ್ರಪಂಚದಲ್ಲಿ ಇನ್ನೊಂದಿದೆಯೋ ಇಲ್ಲವೋ!

ಬಡಗುತಿಟ್ಟು ನೋಡಿ ಬೆಳೆದ ನನಗೆ ಕಥಕಳಿ ಮೊದಮೊದಲು ತುಂಬ ನಿಧಾನ ಅನಿಸಿತು. ರಾಕ್ಷಸ ಬರುವ ಹೊತ್ತಿಗೆ ನಮ್ಮ ಕಡೆ ಪ್ರಸಂಗವೇ ಮುಗಿದಿರುತ್ತದೆ. ಆದರೆ ಪಕ್ಕದ ಮನೆಯ ಚೇಟ್ಟನ ದಯೆಯಿಂದ ವೇಷಗಳ ಲೆಕ್ಕ ಕಲಿತೆ. ನಳ, ಅರ್ಜುನರಂಥ ಉತ್ತಮರಿಗೆ ಹಸಿರು, ಅದು 'ಪಚ್ಚ'. ಹೆಂಗಸರಿಗೆ, ಋಷಿಗಳಿಗೆ ಹೊಳೆಯುವ ತಿಳಿಬಣ್ಣ, 'ಮಿನುಕ್ಕ್'. ಕಾಡಿನ ರಾಕ್ಷಸಿಯರಿಗೆ ಕಪ್ಪು, 'ಕರಿ'. ಇದು ವೇಷದ ಲೆಕ್ಕ, ಮನುಷ್ಯರ ಮೈಬಣ್ಣದ್ದಲ್ಲ ಅಂತ ಆ ಚೇಟ್ಟ ಹೇಳುತ್ತಿದ್ದರು. ಸರಿಯೇ. ಪಚ್ಚ ಬಳಿದರೆ ಒಳಗಿನ ಚರ್ಮ ಯಾವ ಬಣ್ಣದ್ದು ಅಂತ ಯಾರಿಗೂ ಕಾಣುವುದಿಲ್ಲ. ತೊಂದರೆ ಶುರುವಾಗುವುದು ವೇಷ ತೆಗೆದ ಮೇಲೆ.

ನನ್ನ ಮಗಳು ನನ್ನ ಅಮ್ಮನ ಬಣ್ಣ. ಅಮ್ಮ ಒಳ್ಳೆ ಕಪ್ಪು. ನಮ್ಮ ಮನೆಗೆ ಸೊಸೆಯಾಗಿ ಬಂದಾಗ ದಾಯವಾದಿಗಳು "ಭಟ್ಟರ ಮನೆಗೆ ಅಮಾವಾಸ್ಯೆ ಬಂತು" ಅಂದಿದ್ದರಂತೆ. ಸಾಯುವವರೆಗೂ ಅದನ್ನು ನಗುತ್ತಲೇ ಹೇಳುತ್ತಿದ್ದಳು. ನಗುತ್ತ ಹೇಳುತ್ತಿದ್ದಳು ಅಂದಮೇಲೆ ನೋವಾಗಿಲ್ಲ ಅಂತ ನಾವೆಲ್ಲ ತಿಳಿದುಕೊಂಡಿದ್ದೆವು.

ಮಗಳಿಗೆ ಆರನೇ ವಯಸ್ಸಿಗೆ ಕುಣಿತದ ಮರುಳು ಹಿಡಿಯಿತು. ಕ್ಲಾಸಿಗೆ ಸೇರಿಸಿದೆವು. ಐದು ವರ್ಷ ತಪ್ಪದೆ ಹೋದಳು. ಕೇರಳದಲ್ಲಿ ಶಾಲಾ ಕಲೋತ್ಸವ ಅಂದರೆ ನಮ್ಮಲ್ಲಿ ಎಸ್ಸೆಲ್ಸಿ ಪರೀಕ್ಷೆ ಇದ್ದ ಹಾಗೆ, ಮಕ್ಕಳಿಗಿಂತ ಅಪ್ಪ ಅಮ್ಮಂದಿರಿಗೆ ಜ್ವರ. 1999ರಲ್ಲಿ ಅವಳ ಶಾಲೆಯ ಗುಂಪು ನೃತ್ಯದಲ್ಲಿ ಇವಳೂ ಇದ್ದಳು. ತಾಲೀಮಿನಲ್ಲಿ ಮುಂದಿನ ಸಾಲಿನ ನಡುವೆ ನಿಂತಿದ್ದವಳು. ಹದಿನೈದು ದಿನ ಇರುವಾಗ ಅವಳನ್ನು ಹಿಂದಿನ ಸಾಲಿನ ಮೂಲೆಗೆ ಹಾಕಿದರು. ಯಾಕೆ ಅಂತ ಕೇಳಲು ಹೋದೆ. ಕಲಿಸುವವರು ತುಂಬ ಮರ್ಯಾದೆಯಿಂದಲೇ ಹೇಳಿದರು: "ಸಾರ್, ಹುಡುಗಿ ಚೆನ್ನಾಗಿ ಕುಣಿಯುತ್ತಾಳೆ. ಆದರೆ ಲೈಟ್ ಬಿದ್ದಾಗ ಸಾಲು ಒಂದೇ ಥರ ಕಾಣಬೇಕಲ್ಲ."

ಆಗ ನಾನೇನು ಮಾಡಿದೆ? ಜಗಳ ಆಡಲಿಲ್ಲ. ಹೊರಗಿನವರು ನಾವು, ಊರು ಬಿಟ್ಟು ಬಂದವರು, ಯಾಕೆ ಸುಮ್ಮನೆ ತಕರಾರು ಅಂದುಕೊಂಡೆ. ಬಸ್ಸು ಹತ್ತಿ ಎರ್ನಾಕುಳಂ ಬ್ರಾಡ್‌ವೇಗೆ ಹೋದೆ. ಅಂಗಡಿಯವನ ಹತ್ತಿರ ಅವಳ ಬಣ್ಣಕ್ಕಿಂತ ಎರಡು ನಂಬರ್ ಬಿಳಿಯ ಪ್ಯಾನ್‌ಕೇಕ್ ಕೊಡಪ್ಪಾ ಅಂತ ಕೇಳಿ ತಂದೆ. ಮುಂದಿನ ಸಾಲಿಗೆ ಹಾಕಬಹುದೇನೋ ಎಂಬ ಆಸೆ. ಮನೆಯಲ್ಲಿ ನಾನೇ ಕೂತು ಅವಳ ಮುಖಕ್ಕೆ ಬಳಿದೆ. ಮುಖ ಬೂದಿ ಬಣ್ಣಕ್ಕೆ ತಿರುಗಿತು. ಕತ್ತು, ಕೈ ಹಾಗೇ ಇದ್ದವು. ಕನ್ನಡಿ ನೋಡಿಕೊಂಡಳು. ಅಳಲಿಲ್ಲ. ಮುಖ ತೊಳೆದು ಬಂದು "ನಂಗೆ ಡ್ಯಾನ್ಸ್ ಬೇಡ" ಅಂದಳು. ಆ ವರ್ಷ ಹಿಂದಿನ ಸಾಲಿನಲ್ಲಿ ನಿಂತು ಕುಣಿದು ಮುಗಿಸಿದಳು. ಆಮೇಲೆ ಗೆಜ್ಜೆ ಟ್ರಂಕು ಸೇರಿತು.

'ಓದಿನ ಕಡೆ ಗಮನ ಹೋಯಿತು' ಅಂತ ಬಂದವರ ಹತ್ತಿರ ಹೇಳಿಕೊಂಡು ಬಂದೆ. ಹೇಳಿ ಹೇಳಿ ನನಗೂ ಅದೇ ನಿಜ ಅನಿಸತೊಡಗಿತ್ತು.

ಅದಿರಲಿ. 2024ರ ಮಾರ್ಚ್‌ನಲ್ಲಿ ಕೇರಳದ ಟಿವಿ ಪೂರ್ತಿ ಒಂದೇ ಸುದ್ದಿ. ಕಲಾವಿದೆಯೊಬ್ಬರು ಒಂದು ಯೂಟ್ಯೂಬ್ ಸಂದರ್ಶನದಲ್ಲಿ, ಮೋಹಿನಿಯಾಟ್ಟಂ ಕುಣಿಯುವವರು ಬೆಳ್ಳಗೆ ಚೆಂದ ಇರಬೇಕು ಎಂಬ ಅರ್ಥದಲ್ಲಿ ಮಾತಾಡಿ, ಒಬ್ಬ ಗಂಡಸು ಕಲಾವಿದನನ್ನು ಕಾಗೆಯ ಬಣ್ಣಕ್ಕೆ ಹೋಲಿಸಿದ್ದರು. ಆ ಮಾತು ಆರ್‌.ಎಲ್‌.ವಿ. ರಾಮಕೃಷ್ಣನ್ ಅವರನ್ನು ಕುರಿತದ್ದು ಅಂತ ಎಲ್ಲರಿಗೂ ಗೊತ್ತಾಯಿತು. ತೀರಿಹೋದ ನಟ ಕಲಾಭವನ್ ಮಣಿಯ ತಮ್ಮ, ಚಾಲಕ್ಕುಡಿಯ ದಲಿತ ಕುಟುಂಬದವರು. ಕೊಚ್ಚಿ ಪಕ್ಕದ ತೃಪ್ಪೂಣಿತ್ತುರದ ಆರ್‌ಎಲ್‌ವಿ ಕಾಲೇಜಿನಲ್ಲಿ ಕಲಿತು, ಮೋಹಿನಿಯಾಟ್ಟಂನಲ್ಲೇ ಡಾಕ್ಟರೇಟ್ ಮಾಡಿದವರು. ಇಡೀ ಕೇರಳ ಅವರ ಪರ ನಿಂತಿತು ಅಂದರೂ ತಪ್ಪಲ್ಲ. ಅದೇ ತಿಂಗಳು ಕೇರಳ ಕಲಾಮಂಡಲಂ ಅವರನ್ನು ಕರೆಸಿ ತನ್ನ ಕೂತ್ತಂಬಲದಲ್ಲಿ ಕುಣಿಸಿತು. ಹುಡುಗರಿಗೂ ಮೋಹಿನಿಯಾಟ್ಟಂ ಕಲಿಸುತ್ತೇವೆ ಎಂದು ತೀರ್ಮಾನ ಮಾಡಿತು. 2025ರ ಜನವರಿಯಲ್ಲಿ ಅವರು ಅಲ್ಲಿಯೇ ಭರತನಾಟ್ಯದ ಅಸಿಸ್ಟೆಂಟ್ ಪ್ರೊಫೆಸರ್ ಆಗಿ ಸೇರಿದರು.

ಆ ಮಾರ್ಚ್‌ನ ರಾತ್ರಿ ನಾನೂ ಟಿವಿ ಮುಂದೆ ಕೂತು ಹಲ್ಲು ಕಡಿದೆ. "ಎಂಥಾ ಜನ!" ಅಂದೆ. ಹೆಂಡತಿ ಮಾತಾಡದೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬೆಂಗಳೂರಿನಿಂದ ಮಗಳ ಫೋನು.

"ಅಪ್ಪಾ, ನ್ಯೂಸ್ ನೋಡಿದ್ಯಾ?"

"ನೋಡಿದೆ. ನಾಚಿಕೆಗೇಡು."

"ಹೂಂ," ಅಂದಳು. ಆಮೇಲೆ ಬೇರೆ ಏನೋ ಮಾತಾಡಿದಳು. ಅವಳೂ ಡಬ್ಬಿಯ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವತ್ತು ನಿದ್ದೆ ಬರಲಿಲ್ಲ. ಯಾಕೋ ಊರಿನ ನೆನಪು. ನಮ್ಮೂರಿನ ಸಿದ್ದಿಯರ ನೆನಪು.

ಉತ್ತರ ಕನ್ನಡದವರಿಗೆ ಸಿದ್ದಿಯರ ಬಗ್ಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಒಂದು ಮಾತು: ಪೋರ್ಚುಗೀಸರು ಮತ್ತಿತರರು ಆಫ್ರಿಕದಿಂದ ಗುಲಾಮರಾಗಿ ಹಿಡಿದು ತಂದವರ ವಂಶದವರು ಇವರು. ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಡೆ ನೆಲೆ ನಿಂತವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. ಮನೆಯೊಳಗೆ ತಮ್ಮದೇ ಥರದ ಕೊಂಕಣಿ, ಹೊರಗೆ ಕನ್ನಡ. ನಮ್ಮಂಥವರ ಅಡಿಕೆ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದರು. 'ದುಡಿದರು' ಅನ್ನುವುದು ನಯದ ಮಾತು. ಸಾಲಕ್ಕೆ ಸಿಕ್ಕಿ ಜೀತ ಮಾಡಿದರು.

ನನ್ನನ್ನು ಎತ್ತಿ ಆಡಿಸಿದ್ದು ಒಬ್ಬ ಸಿದ್ದಿ ಹೆಂಗಸು. ಅವಳ ಸೊಂಟದ ಮೇಲೆ ಕೂತು ತೋಟವೆಲ್ಲ ಸುತ್ತಿದ್ದೇನೆ. ಆದರೆ ಅವಳು ನಮ್ಮ ಜಗುಲಿ ಹತ್ತಿದ್ದು ನಾನು ನೋಡಿಲ್ಲ. ಹಬ್ಬದ ರಾತ್ರಿ ತೋಟದ ಆಚೆ ಅವರ ಕೇರಿಯಿಂದ ಡಮಾಮಿಯ ಸದ್ದು ಬರುತ್ತಿತ್ತು. ಮರದ ಕೊಳವೆಗೆ ಎರಡೂ ಬದಿ ಚರ್ಮ ಬಿಗಿದ ವಾದ್ಯ ಅದು. ನೆಲದ ಮೇಲೆ ಅಡ್ಡ ಇಟ್ಟುಕೊಂಡು ಕೈಯಲ್ಲೇ ಬಾರಿಸುತ್ತಾರೆ. ಮೊದಲು ನಿಧಾನ, ಆಮೇಲೆ ಎದೆಯೊಳಗೇ ಬಡಿದಂತೆ. ಕುಣಿತಕ್ಕೂ ಡಮಾಮಿ ಅಂತಲೇ ಹೆಸರು. ನಾನು ಮೆಟ್ಟಿಲವರೆಗೆ ಓಡುತ್ತಿದ್ದೆ. ಅಜ್ಜ ಒಳಗಿನಿಂದ ಕೂಗುತ್ತಿದ್ದರು: "ಮಾಣಿ, ಜಗುಲಿ ಬಿಟ್ಟು ಇಳಿಯಡ!"

ಒಮ್ಮೆ ಇಳಿದೆ. ಏಳೆಂಟು ವರ್ಷ ಇರಬಹುದು. ತೋಟದ ಬೇಲಿ ಸಂದಿಯಿಂದ ನೋಡಿದೆ. ಹಗಲಿಡೀ ನಮ್ಮ ತೋಟದಲ್ಲಿ ಬೆನ್ನು ಬಗ್ಗಿಸಿ ಮಾತೇ ಆಡದ ಆ ಹೆಂಗಸು ಅಲ್ಲಿ ನಡುವೆ ಕುಣಿಯುತ್ತಿದ್ದಳು. ತಲೆ ಎತ್ತಿ! ನಗುತ್ತ, ಯಾರಿಗೋ ಬಯ್ಯುತ್ತ. ಮುದುಕರು, ಬಸುರಿಯರು, ಕುಂಟುವ ಒಬ್ಬ ಗಂಡಸು, ಹಾಲು ಕುಡಿಯುವ ಕೂಸು, ಎಲ್ಲರೂ ಆ ಸುತ್ತಿನೊಳಗೇ ಇದ್ದರು. ಸುಸ್ತಾದವರು ಕೂರುತ್ತಿದ್ದರು, ಇನ್ನೊಬ್ಬರು ಏಳುತ್ತಿದ್ದರು. ಮುಂದಿನ ಸಾಲು, ಹಿಂದಿನ ಸಾಲು ಅಂತ ಇರಲೇ ಇಲ್ಲ. ದುಂಡಗೆ ನಿಂತರೆ ಎಲ್ಲಿಂದ ಬರಬೇಕು?

ಹೊರಗಿನವರು ಸಿದ್ದಿಯರ ಮೈಯನ್ನು ಯಾವಾಗಲೂ ಏನಕ್ಕೋ ಉಪಯೋಗವಾಗುತ್ತದೆ ಅಂತಲೇ ನೋಡಿದ್ದು. ಮೊದಲು ಹೊರೆ ಎತ್ತುವ ತೋಳು. 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದವರು ಬಂದರು, ಆಗ ಪದಕ ತರುವ ಕಾಲು. ಕಮಲಾ ಸಿದ್ದಿಯಂಥ ಓಟಗಾರ್ತಿಯರು ತಯಾರೂ ಆದರು. 1993ಕ್ಕೆ ಯೋಜನೆ ನಿಂತಿತು, ಮಕ್ಕಳು ಮನೆಗೆ ವಾಪಸ್. 1980ರ ದಶಕದಲ್ಲಿ ಹೆಗ್ಗೋಡಿನ ನೀನಾಸಂನವರು ಮಂಚೀಕೇರಿಗೆ ಬಂದು ಅವರ ಜೊತೆ ನಾಟಕ ಮಾಡಿದ್ದು ಇದಕ್ಕಿಂತ ಬೇರೆ ಥರದ್ದು. ಮುಂದೆ ಗಿರಿಜಾ ಸಿದ್ದಿಯಂಥ ನಟಿ-ಗಾಯಕಿ ಬಂದದ್ದು ಆ ರಂಗಭೂಮಿಯಿಂದ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರನ್ನು ಸೇರಿಸಿದ್ದು 2003ರಲ್ಲಿ. ಅಷ್ಟೂ ಕಾಲ, ಅದಕ್ಕೂ ಹಿಂದಿನ ಅಷ್ಟೂ ತಲೆಮಾರು, ಅವರ ಮೈಯನ್ನು ಯಾವ ಲೆಕ್ಕವೂ ಇಲ್ಲದೆ ನೋಡಿಕೊಂಡದ್ದು ಆ ಅಂಗಳ ಒಂದೇ ಅಂತ ಈಗ ಅನಿಸುತ್ತದೆ.

ಕೊಚ್ಚಿಯಲ್ಲೂ ಇದೇ ಜನರ ನೆರಳು ಇದೆ, ಗೊತ್ತೇ? ಮಟ್ಟಾಂಚೇರಿಯ ಮಂಗಾಟ್ಟುಮುಕ್ಕಿನಲ್ಲಿ ಗೋಡೆಯ ಹತ್ತಿರ ಒಂದು ಸಣ್ಣ ಜಾಗ. ಮೂರ್ತಿ ಇಲ್ಲ, ಪೂಜಾರಿ ಇಲ್ಲ. ಅಲ್ಲಿರುವುದು ಕಾಪ್ಪಿರಿ ಮುತ್ತಪ್ಪನ್. ಕಾಪ್ಪಿರಿ ಅಂದರೆ ಆಫ್ರಿಕದ ಕರಿಯ. 1663ರಲ್ಲಿ ಡಚ್ಚರು ಕೊಚ್ಚಿಯನ್ನು ಹಿಡಿದಾಗ ಓಡಿಹೋಗುವ ಪೋರ್ಚುಗೀಸರು ತಮ್ಮ ಗುಲಾಮರನ್ನು ನಿಧಿಯ ಜೊತೆ ಗೋಡೆಯಲ್ಲಿ ಹೂತು ಕಾವಲಿಗೆ ಬಿಟ್ಟುಹೋದರು ಅಂತ ಜನ ಹೇಳುತ್ತಾರೆ. ಈಗಲೂ ಸಂಜೆ ಮೇಣದ ಬತ್ತಿ ಹಚ್ಚುತ್ತಾರೆ, ಸುರುಟು, ಕಳ್ಳು ಇಡುತ್ತಾರೆ. ನಾನು ಅಲ್ಲಿಗೆ ಹೋದಾಗಲೆಲ್ಲ ಅಂದುಕೊಳ್ಳುತ್ತೇನೆ: ಒಂದೇ ಹಡಗಿನಿಂದ ಇಳಿದವರಲ್ಲಿ ಓಡಿಹೋದವರು ನಮ್ಮ ಕಾಡಿಗೆ ಬಂದು ಕುಣಿದರು. ಓಡಲಾರದವನು ಇಲ್ಲಿ ಗೋಡೆಯಾದ.

2024ರ ಡಿಸೆಂಬರಿನಲ್ಲಿ ತಿರುವನಂತಪುರದ ಚಿತ್ರೋತ್ಸವಕ್ಕೆ ಮಗಳು ಹೊರಟು ಬಂದಳು. "ನಿಮ್ಮೂರಿನ ಸಿನಿಮಾ ಇದೆ, ಬಾ" ಅಂದಳು. ಜಯನ್ ಚೆರಿಯಾನ್ ಎಂಬ ಮಲಯಾಳಿ ನಿರ್ದೇಶಕ ಯಲ್ಲಾಪುರದ ಸಿದ್ದಿಯರ ಜೊತೆ ಮಾಡಿದ 'ರಿದಮ್ ಆಫ್ ದಮ್ಮಾಮ್'. ನಲವತ್ತು ವರ್ಷ ಮಲಯಾಳದ ನಡುವೆ ಬದುಕಿದವನಿಗೆ ತಿರುವನಂತಪುರದ ಥಿಯೇಟರಿನ ಕತ್ತಲಲ್ಲಿ ನಮ್ಮ ಕಾಡು, ನಮ್ಮ ಕಡೆಯ ಕನ್ನಡ! ಕಣ್ಣು ಒದ್ದೆಯಾದದ್ದನ್ನು ಮುಚ್ಚಿಡುವುದಿಲ್ಲ. ಅಜ್ಜ ತೀರಿಹೋದ ಮೇಲೆ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಅಜ್ಜನ ಪ್ರೇತ ಕಾಣತೊಡಗುತ್ತದೆ. ಹಿರಿಯರ ಗುಲಾಮಗಿರಿಯ ನೋವು ಈ ಮಗುವಿನ ಮೈಗೆ ಬಂದು ಕೂರುತ್ತದೆ. ಆ ಹುಡುಗನಾಗಿದ್ದ ಚಿನ್ಮಯ ಸಿದ್ದಿಗೆ ಉತ್ಸವದ ತೀರ್ಪುಗಾರರಿಂದ ವಿಶೇಷ ಮೆಚ್ಚುಗೆಯೂ ಸಿಕ್ಕಿತು. ಆದರೆ ಚಿತ್ರದಲ್ಲಿ ಬರುವ ಸಾಲ ಕೊಟ್ಟವರ ಲೋಕ ನಮ್ಮಂಥ ತೋಟದ ಮನೆಗಳದ್ದು. ಎದ್ದು ಹೋಗೋಣ ಅನಿಸಿತು, ಹೋಗಲಿಲ್ಲ.

ವಾಪಸ್ ರೈಲಿನಲ್ಲಿ ಕೊಲ್ಲಂ ದಾಟುವವರೆಗೆ ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಮಗಳು ಒಂದು ವಿಷಯ ಹೇಳಿದಳು. ಮೂರು ವರ್ಷದಿಂದ ಬೆಂಗಳೂರಿನಲ್ಲಿ ಶನಿವಾರ ಶನಿವಾರ ಕಂಟೆಂಪರರಿ ಡ್ಯಾನ್ಸ್ ಕ್ಲಾಸಿಗೆ ಹೋಗುತ್ತಿದ್ದಾಳಂತೆ. ನಮಗೆ ಹೇಳಿರಲಿಲ್ಲ.

"ಅಲ್ಲಿ ಕನ್ನಡಿ ಇಲ್ಲ ಅಪ್ಪ," ಅಂದಳು. "ಮೊದಲ ಅರ್ಧ ಗಂಟೆ ಸುಮ್ಮನೆ ನೆಲದ ಮೇಲೆ ಮಲಗಿ ಉಸಿರಾಡೋದು. ಆಮೇಲೆ ಒಬ್ಬರು ಬೀಳೋದು, ಇನ್ನೊಬ್ಬರು ಹಿಡಿಯೋದು. ಹಿಡೀತಾರೆ ಅಂತ ನಂಬೋಕೆ ನಂಗೆ ಆರು ತಿಂಗಳು ಬೇಕಾಯ್ತು."

ಅವಳೇ ಅಮೆರಿಕದ ಕಥೆಯನ್ನೂ ಹೇಳಿದಳು. ಆರ್ಥರ್ ಮಿಚೆಲ್ ಎಂಬ ಕಪ್ಪು ಬ್ಯಾಲೆ ಕಲಾವಿದ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮೇಲೆ ತಾನು ಬೆಳೆದ ಹಾರ್ಲೆಮ್‌ನ ಮಕ್ಕಳಿಗೆ ಏನಾದರೂ ಮಾಡಬೇಕು ಅಂತ ಹೊರಟು, 1969ರಲ್ಲಿ ಡ್ಯಾನ್ಸ್ ಥಿಯೇಟರ್ ಆಫ್ ಹಾರ್ಲೆಮ್ ಕಟ್ಟಿದ. ಬ್ಯಾಲೆಯಲ್ಲಿ ಕಾಲುಚೀಲ, ಶೂ ಎಲ್ಲ ನಸುಗುಲಾಬಿ, ಅಂದರೆ ಬಿಳಿಯರ ಮೈಬಣ್ಣ. ಹಾರ್ಲೆಮ್‌ನವರು 1970ರ ದಶಕದಲ್ಲೇ ಅದನ್ನು ಬಿಟ್ಟು, ಒಬ್ಬೊಬ್ಬರ ಮೈಬಣ್ಣಕ್ಕೆ ಸರಿಯಾಗಿ ಕಾಲುಚೀಲ, ಶೂಗಳಿಗೇ ಬಣ್ಣ ಹಾಕಿಸಿದರು. ಲಂಡನ್ನಿನ ಫ್ರೀಡ್ ಎಂಬ ಹಳೆಯ ಶೂ ಕಂಪನಿ ಕಂದು ಬಣ್ಣದ ಬ್ಯಾಲೆ ಶೂ ತಂದದ್ದು 2018ರಲ್ಲಿ! ಅಲ್ಲಿಯವರೆಗೆ ಕಪ್ಪು ಹುಡುಗಿಯರು ರಾತ್ರಿ ಕೂತು ಗುಲಾಬಿ ಶೂಗೆ ತಮ್ಮ ಮೈಬಣ್ಣ ಬಳಿದುಕೊಳ್ಳುತ್ತಿದ್ದರಂತೆ.

"ಏನು ಬಳೀತಿದ್ರು ಗೊತ್ತಾ?" ಅಂದಳು. "ಪ್ಯಾನ್‌ಕೇಕ್. ಆ ಕೆಲಸಕ್ಕೇ ಪ್ಯಾನ್‌ಕೇಕಿಂಗ್ ಅಂತ ಹೆಸರು."

ನಾನು ಕಿಟಕಿಯ ಆಚೆ ನೋಡಿದೆ. ಅವರು ಶೂಗೆ ಮಗುವಿನ ಬಣ್ಣ ಬಳಿದರು. ನಾನು ಮಗುವಿಗೆ ಶೂವಿನ ಬಣ್ಣ ಬಳಿದಿದ್ದೆ.

"ಅವತ್ತು ನೀನು ಯಾಕೆ ಸುಮ್ಮನಿದ್ದೆ ಅಪ್ಪ?" ಇಪ್ಪತ್ತೈದು ವರ್ಷದ ಮೇಲೆ ಕೇಳಿದಳು. ಸಿಟ್ಟಿನಲ್ಲಿ ಅಲ್ಲ. 'ಚಾ ಬೇಕಾ' ಅಂತ ಕೇಳಿದ ಹಾಗೆ.

ಹೊರಗಿನವರು, ತಕರಾರು, ಅದೂ ಇದೂ ಅಂತ ಬಾಯಿಗೆ ಬಂತು. ಬಿಟ್ಟೆ. "ಅವರು ಹೇಳಿದ್ದು ಸರಿ ಅಂತ ನನಗೂ ಅನಿಸಿತ್ತು ಕೂಸೆ," ಅಂದೆ. ಅದೇ ನಿಜ. ಅಮ್ಮನನ್ನು ಅಮಾವಾಸ್ಯೆ ಅಂದಾಗ ನಕ್ಕ ಮನೆಯಲ್ಲಿ ಬೆಳೆದವನು, ಜಗುಲಿ ಹತ್ತದ ಹೆಂಗಸಿನ ಸೊಂಟದ ಮೇಲೆ ಕೂತು ತೋಟ ಸುತ್ತಿದವನು. ಅವರು ಸಾಲು ಒಂದೇ ಥರ ಇರಬೇಕು ಅಂದಾಗ ನನ್ನ ತಲೆ ತಾನಾಗಿಯೇ ಆಡಿತ್ತು.

ಅವಳು ನನ್ನ ಕೈ ಹಿಡಿದುಕೊಂಡಳು. ಕ್ಷಮಿಸಿದೆ ಅಂತೇನೂ ಹೇಳಲಿಲ್ಲ.

ಒಂದು ಮಾತು ಸ್ಪಷ್ಟವಾಗಿರಲಿ. ನನ್ನ ಮಗಳ ಕಷ್ಟ, ಸಿದ್ದಿಯರ ಕಷ್ಟ ಒಂದೇ ಅಂತ ನಾನು ಹೇಳುತ್ತಿಲ್ಲ. ಅವಳಿಗೆ ಓದು ಸಿಕ್ಕಿತು, ಕೆಲಸ ಸಿಕ್ಕಿತು, ಹಿಂದೆ ಒಂದು ಜಾತಿಯ ಹೆಸರಿತ್ತು. ಅವಳಿಗೆ ತಪ್ಪಿದ್ದು ಮುಂದಿನ ಸಾಲು. ಅವರಿಗೆ ತಪ್ಪಿದ್ದು ಜಗುಲಿ, ನೆಲ, ಕೂಲಿ, ಎಲ್ಲ. ರಾಮಕೃಷ್ಣನ್ ಅವರು ಪದವಿಗಳನ್ನೆಲ್ಲ ಮುಗಿಸಿದ ಮೇಲೂ ಕಾಗೆ ಎನಿಸಿಕೊಳ್ಳಬೇಕಾಯಿತು. ಇವೆಲ್ಲ ಬೇರೆ ಬೇರೆ. ಆದರೆ ಎಲ್ಲ ಕಡೆ ನೋಡುವ ಕಣ್ಣು ಒಂದೇ, ಅದು ನನ್ನ ಕಣ್ಣೂ ಹೌದು.

2025ರ ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆವು. ನನ್ನನ್ನು ಎತ್ತಿ ಆಡಿಸಿದ ಆ ಹೆಂಗಸಿನ ಮೊಮ್ಮಗನ ಮನೆಯಲ್ಲಿ ಮದುವೆ. ಅವನಿಗೆ ಈಗ ಸ್ವಂತ ಮನೆ, ಅಂಗಳದಲ್ಲಿ ಬೈಕು. ರಾತ್ರಿ ಊಟ ಆದ ಮೇಲೆ ಡಮಾಮಿ ಶುರುವಾಯಿತು. ಮಗಳು ಬದಿಯಲ್ಲಿ ನಿಂತಿದ್ದಳು. ಒಬ್ಬ ಅಜ್ಜಿ ಬಂದು ಯಾರ ಮಗಳು, ಏನು ಎತ್ತ ಒಂದೂ ಕೇಳದೆ ಕೈ ಹಿಡಿದು ಒಳಗೆ ಎಳೆದುಕೊಂಡಳು. ಮಗಳ ಹೆಜ್ಜೆ ಪೂರ್ತಿ ತಪ್ಪುತ್ತಿತ್ತು. ಅಜ್ಜಿ ನಗುತ್ತ ಸೊಂಟ ಹಿಡಿದು ತಿರುಗಿಸಿ ಸರಿ ಮಾಡಿದಳು. ಸ್ವಲ್ಪ ಹೊತ್ತಿಗೆ ಇವಳು ಯಾರು, ಅವರು ಯಾರು ಅಂತ ಆ ಕತ್ತಲಲ್ಲಿ ನನಗೆ ಗೊತ್ತಾಗಲಿಲ್ಲ. ಆರೈಕೆ ಅನ್ನುವ ಮಾತನ್ನು ನಾವು ಬಾಣಂತಿಗೆ, ಕಾಯಿಲೆಯವರಿಗೆ ಮಾತ್ರ ಹೇಳುತ್ತೇವೆ. ಆ ಅಜ್ಜಿ ಮಾಡಿದ್ದೂ ಅದೇ ಅಲ್ಲವೇ?

ನಾನೂ ಅಂಗಳಕ್ಕೆ ಒಂದು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಮನೆಯ ಹುಡುಗ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ, "ಭಟ್ರೇ, ಇಲ್ಲಿ ಕೂತ್ಕಳಿ" ಅಂದ. ಮರ್ಯಾದೆಯೇ ಅದು. ಅರವತ್ತು ವರ್ಷದ ಹಿಂದೆ ನಾವೇ ಕಟ್ಟಿದ ಜಗುಲಿ ಈಗ ಕುರ್ಚಿಯಾಗಿ ನನ್ನ ಹಿಂದೆಯೇ ಬಂದಿತ್ತು. ಕೂತೆ. ಕುಣಿತ ಮುಗಿಯುವವರೆಗೂ ಕೂತು ನೋಡಿದೆ. ಆಮೇಲೆ ಚಾ ಕುಡಿದ ಲೋಟಗಳನ್ನು ಒಟ್ಟು ಮಾಡಿ ತೊಳೆಯುವ ಕಡೆ ತೆಗೆದುಕೊಂಡು ಹೋದೆ. ಅದಕ್ಕೂ ಅವನು "ಬಿಡಿ ಬಿಡಿ" ಅಂದ, ನಾನು ಬಿಡಲಿಲ್ಲ.

ಗೆಜ್ಜೆಯನ್ನು ಮೊನ್ನೆ ಬಿಸಿಲಿಗಿಟ್ಟು ಒರೆಸಿ ಬೆಂಗಳೂರಿಗೆ ಕೊರಿಯರ್ ಮಾಡಿದೆ. ಕಾಲಿಗೆ ಹಿಡಿಯುವುದಿಲ್ಲ ಅಂತ ಗೊತ್ತು, ಆದರೂ. ಡಬ್ಬಿ ಇಲ್ಲೇ ನನ್ನ ಮೇಜಿನ ಮೇಲಿದೆ. ಹೆಂಡತಿ ಇನ್ನೂ ಬಯ್ಯುತ್ತಿದ್ದಾಳೆ.